ಉರುಳುವ ಗುಂಡು, ಏಳುವ ಮೂಕಿ

ಮೆಕ್ಯಾನಿಕ್ಸ್ ಕಲಿಯಲು ಹೊರಟವರಿಗೆ ಪುಸ್ತಕಗಳ ಪಟ್ಟಿ ಕೊಡುತ್ತೇನೆಂದು ಹೋದ ವಾರ ಮಾತು ಕೊಟ್ಟಿದ್ದೆ. ಪಟ್ಟಿ ಬರೆದೂ ಇಟ್ಟಿದ್ದೆ. ಬುಧವಾರ ಸಂಜೆಯೊಳಗೆ ಬರಹ ತಲುಪದಿದ್ದರೆ ಈ ಜಾಗಕ್ಕೆ ಟ್ಯೂಷನ್ ಜಾಹೀರಾತು ಹಾಕುವುದಾಗಿ ಸಂಪಾದಕರು ಹೆದರಿಸಿದ್ದರಿಂದ ಮುಂಚಿತವಾಗಿಯೇ ಮುಗಿಸಿದ್ದೆ. ಅಷ್ಟರಲ್ಲಿ ಮಂಗಳವಾರ ರಾತ್ರಿ ಮಳವಳ್ಳಿಯಿಂದ ಫೋನು ಬಂತು. ಪಟ್ಟಿ ಮೂಲೆ ಸೇರಿತು.

ಫೋನು ಮಾಡಿದವರು ಹಳೇ ಓದುಗರಿಗೆ ಗೊತ್ತು: ಮೋಟಾರ್ ವೈಂಡಿಂಗ್ ಅಂಗಡಿಯವರು. ಪಿಯುಸಿ ಅರ್ಧಕ್ಕೆ ಬಿಟ್ಟವರು, ಈಗ ಮೂವತ್ತೈದರ ಆಸುಪಾಸು. ಬೋರ್‌ವೆಲ್ ಮೋಟಾರು ಸುಟ್ಟುಕೊಂಡು ಬಂದ ರೈತರ ಗಲಾಟೆಯ ನಡುವೆಯೇ ಹಿಂದೊಮ್ಮೆ ಅವರಿಗೊಂದು ಪ್ರಶ್ನೆ ಹತ್ತಿಕೊಂಡಿತ್ತು. "ಕರೆಂಟ್ ಕೊಟ್ರೆ ಮೋಟ್ರು ತಿರುಗ್ತದೆ, ಅದು ನನ್ನ ಹೊಟ್ಟೆಪಾಡು, ಗೊತ್ತು ಸಾ. ನಮ್ಮ ಶಿವನಸಮುದ್ರದಲ್ಲಿ ನೀರು ಬಿದ್ರೆ ಚಕ್ರ ತಿರುಗ್ತದಲ್ಲ, ಎಷ್ಟು ಬಿದ್ರೆ ಎಷ್ಟು ತಿರುಗ್ತದೆ? ಅದ್ರ ಲೆಕ್ಕ ಕಲೀಬೇಕು. ಎಲ್ಲಿಂದ ಸುರು ಮಾಡ್ಲಿ?" 1902ರಲ್ಲೇ ಬೀಳುವ ನೀರಿನಿಂದ ವಿದ್ಯುತ್ ತೆಗೆದು ಕೋಲಾರದ ಚಿನ್ನದ ಗಣಿಗೆ ಕಳುಹಿಸಿದ ತಾಲ್ಲೂಕಿನವರು ಕೇಳಲೇಬೇಕಾದ ಪ್ರಶ್ನೆ. ಪುಸ್ತಕಕ್ಕೆ ಕೈ ಹಾಕಬೇಡಿ, ಮೊದಲು ಒಂದು ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ ಎಂದಿದ್ದೆ. ಯಾಕೆ ಹಾಗೆಂದೆ ಎನ್ನುವುದೇ ಈ ವಾರದ ಬರಹ.

ಪುಸ್ತಕಗಳ ಮೇಲೆ ನನಗೆ ಕೋಪವಿಲ್ಲ. ಎಚ್.ಸಿ. ವರ್ಮಾ ಅವರ ಎರಡು ಸಂಪುಟ ಯಾರ ಮನೆಯಲ್ಲಿಲ್ಲ? ನನ್ನ ಕೋಪವೇನಿದ್ದರೂ ಸೂತ್ರಪಂಥದವರ ಮೇಲೆ, ಅದು ಈ ಅಂಕಣದಷ್ಟೇ ಹಳೆಯದು. ಸಿಇಟಿಯಲ್ಲಿ ಭೌತಶಾಸ್ತ್ರಕ್ಕೆ 60 ಪ್ರಶ್ನೆ, 80 ನಿಮಿಷ, ಅಂದರೆ ಪ್ರಶ್ನೆಗೆ 80 ಸೆಕೆಂಡು. ಅಷ್ಟು ಹೊತ್ತಿನಲ್ಲಿ ಒಂದು ಮದ್ದೂರು ವಡೆಯನ್ನೂ ನೆಟ್ಟಗೆ ತಿನ್ನಲಾಗದು. ಇಳಿಜಾರಿನಲ್ಲಿ ಗುಂಡು ಯಾಕೆ ಹಾಗೆ ಉರುಳುತ್ತದೆ ಎಂದು ಯೋಚಿಸುವ ಹುಡುಗಿಗೆ ಅಲ್ಲಿ ನಷ್ಟವೇ. ಪರೀಕ್ಷೆಗೆ ಅದು ಸರಿಯಿರಬಹುದು. ಆದರೆ ಪರೀಕ್ಷೆಯೇ ಇಲ್ಲದ ವೈಂಡಿಂಗ್ ಅಂಗಡಿಯವರಿಗೂ ಅದೇ ಮಾತ್ರೆ ನುಂಗಿಸುತ್ತಾರಲ್ಲ, ಅದು ನನ್ನ ತಕರಾರು.

ಇನ್ನೊಂದು ಪಂಥವಿದೆ. ಅದರ ಪೀಠಾಧಿಪತಿ ನನ್ನ ಗೆಳೆಯರೇ, ನಿವೃತ್ತ ಪ್ರಾಧ್ಯಾಪಕರು. ಬಲ, ಎಳೆತ, ತಳ್ಳಾಟ ಎಲ್ಲ ಕೂಲಿ ಕೆಲಸ ಎನ್ನುವುದು ಅವರ ಮತ. ಲಾಂಡೌ ಅವರ ಮೊದಲ ಸಂಪುಟ ತೆಗೆಯಬೇಕು, ಕನಿಷ್ಠ ಕ್ರಿಯೆಯ ತತ್ವದಿಂದ ಹೊರಡಬೇಕು, ಉಳಿದದ್ದೆಲ್ಲ ತಾನಾಗಿ ಬರುತ್ತದಂತೆ. ಅವರ ಮೂಲಪುರುಷ ಲಗ್ರಾಂಜ್. 1788ರಲ್ಲಿ ಬಂದ ತನ್ನ ಮಹಾಗ್ರಂಥದಲ್ಲಿ ಒಂದೇ ಒಂದು ಚಿತ್ರವೂ ಸಿಗುವುದಿಲ್ಲ ಎಂದು ಮುನ್ನುಡಿಯಲ್ಲೇ ಹೆಮ್ಮೆ ಪಟ್ಟುಕೊಂಡ ಪುಣ್ಯಾತ್ಮ. ದೊಡ್ಡ ಬುದ್ಧಿ, ಒಪ್ಪಿದೆ. ಆದರೆ ಗೋಪುರ ನೋಡಬೇಕೆಂದು ಬಂದವನನ್ನು ಕಳಶದ ಮೇಲೆ ಇಳಿಸಿದರೆ ಅವನಿಗೆ ದೇವಸ್ಥಾನ ಕಂಡಂತಾಯಿತೇ? ಇದನ್ನು ಅವರ ಮುಖಕ್ಕೇ ಹೇಳಿದ್ದೇನೆ. ಆಮೇಲೆ ಕಾಫಿಯ ಬಿಲ್ಲು ನಾನೇ ಕೊಟ್ಟೆ.

ನನ್ನ ಪಂಥ ಗೆಲಿಲಿಯೋನದು. 1638ರಲ್ಲಿ, ಎಪ್ಪತ್ತು ದಾಟಿ, ಗೃಹಬಂಧನದಲ್ಲಿದ್ದುಕೊಂಡೇ ಹಾಲೆಂಡಿನ ಲೈಡನ್ನಿನಲ್ಲಿ ಅಚ್ಚು ಹಾಕಿಸಿದ ಆ ಎರಡು ಹೊಸ ವಿಜ್ಞಾನಗಳ ಪುಸ್ತಕ. ಮೂವರು ಗೆಳೆಯರು ನಾಲ್ಕು ದಿನ ಕೂತು ಮಾತಾಡುತ್ತಾರೆ. ಮಾತೆಲ್ಲ ಇಟಾಲಿಯನ್ನಿನಲ್ಲಿ, ಪ್ರಮೇಯಗಳಿಗೆ ಮಾತ್ರ ಪಂಡಿತರ ಲ್ಯಾಟಿನ್. (ಬೆಳ್ಳಾವೆ ವೆಂಕಟನಾರಣಪ್ಪ, ನಂಗಪುರಂ ವೆಂಕಟೇಶ ಅಯ್ಯಂಗಾರ್ 1918ರಲ್ಲಿ ಕನ್ನಡದಲ್ಲೇ 'ವಿಜ್ಞಾನ' ಪತ್ರಿಕೆ ಶುರು ಮಾಡಿದ್ದೂ ಇಂಥದೇ ಹಟದಿಂದ. ವೇಗೋತ್ಕರ್ಷ ಎಂಬ ಪದ ಬಾಯಿಗೆ ದಪ್ಪವಾಯಿತು ಎಂದು ಗೊಣಗುವವರು ಅದನ್ನು ಬಿಡಿಸಿ ನೋಡಲಿ: ವೇಗ ಏರುತ್ತಾ ಹೋಗುವುದು. ಆಕ್ಸಲರೇಷನ್ ಎಂದರೆ ನಮ್ಮ ಕಿವಿಗೆ ಸ್ಕೂಟರಿನ ಹಿಡಿಕೆ ಬಿಟ್ಟು ಬೇರೇನೂ ಹೊಳೆಯುವುದಿಲ್ಲ.) ಪುಸ್ತಕ ತೆರೆದುಕೊಳ್ಳುವುದು ಅರಮನೆಯಲ್ಲೂ ಅಲ್ಲ, ಮಠದಲ್ಲೂ ಅಲ್ಲ, ವೆನಿಸ್ಸಿನ ಹಡಗುಕಟ್ಟೆಯಲ್ಲಿ. ಅಲ್ಲಿನ ಕಸುಬುದಾರರೊಡನೆ ಮಾತಾಡಿ ತಾನು ಕಲಿತದ್ದು ಬಹಳ ಎಂದು ಒಬ್ಬ ಮೊದಲ ಪುಟದಲ್ಲೇ ಒಪ್ಪಿಕೊಳ್ಳುತ್ತಾನೆ.

ನಮ್ಮ ಹಡಗುಕಟ್ಟೆ ಕಬ್ಬಿನ ಗಾಡಿ. 1933ರಲ್ಲಿ ಮಂಡ್ಯದ ಮೈಷುಗರ್ ಸಕ್ಕರೆ ಕಾರ್ಖಾನೆ ಶುರುವಾದ ಮೇಲೆ ಈ ಸೀಮೆಯ ಎಷ್ಟು ಎತ್ತುಗಳು ಆ ದಾರಿ ಸವೆಸಿದವೋ! ಈಗ ಟ್ರ್ಯಾಕ್ಟರುಗಳದೇ ಕಾರುಬಾರು. ನನ್ನ ಹೆಂಡತಿಯ ಊರು ಮದ್ದೂರಿನ ಕಡೆ. ಅಲ್ಲೊಬ್ಬ ಮುದುಕರು ಕಬ್ಬು ಹೇರಿಸುತ್ತಿದ್ದರು. ಹೊರೆ ಏರಿದ ಮೇಲೆ ಮುಂದೆ ಬಂದು, ನೊಗದಡಿ ಅಂಗೈ ಕೊಟ್ಟು ಒಂದು ಸಲ ಎತ್ತಿ ನೋಡುವರು. ಕೈಗೆ ಹೆಚ್ಚು ಭಾರ ಬಂದರೆ ಎರಡು ಕಂತೆ ಹಿಂದಕ್ಕೆ. ಮೂಕಿ ತಾನೇ ಏಳುವಂತಿದ್ದರೆ ಎರಡು ಕಂತೆ ಮುಂದಕ್ಕೆ. ತಕ್ಕಡಿ ಇಲ್ಲ, ಟೇಪಿಲ್ಲ. ಗಾಡಿ ನಾಲೆ ಏರಿ ಹತ್ತುವಾಗ ಮಾತ್ರ ಹುಡುಗನೊಬ್ಬನನ್ನು ಮೂಕಿಯ ಮೇಲೆ ಕೂರಲು ಕೂಗುವರು. ಯಾಕೆಂದು ಕೇಳಿದ್ದಕ್ಕೆ, "ಏರು ಹತ್ತುವಾಗ ಹೊರೆ ಹಿಂದಕ್ಕೆ ನೋಡ್ತದೆ, ಇಳಿಯುವಾಗ ಮುಂದಕ್ಕೆ ನೋಡ್ತದೆ ಸ್ವಾಮಿ" ಎಂದರು.

ಆ ಹೊತ್ತಿಗೆ ನನಗೆ ಮೆಕ್ಯಾನಿಕ್ಸ್ ಹುಚ್ಚು ಹತ್ತಿ ಆರು ತಿಂಗಳಾಗಿತ್ತು. ರಾತ್ರಿ ಕೂತು ಲೆಕ್ಕ ಹಾಕಿದೆ. ಹೊರೆ 1,500 ಕಿಲೋ ಎನ್ನಿ. ಅಚ್ಚಿನಿಂದ ನೊಗಕ್ಕೆ ಹತ್ತು ಅಡಿ, ಅಂದರೆ 120 ಅಂಗುಲ. ಹೊರೆಯ ಗುರುತ್ವಕೇಂದ್ರ ಅಚ್ಚಿಗಿಂತ ಬರೀ ಒಂದು ಅಂಗುಲ ಮುಂದಿದ್ದರೆ ಎತ್ತುಗಳ ಹೆಗಲಿಗೆ ಬೀಳುವುದು ಹನ್ನೆರಡೂವರೆ ಕಿಲೋ. ನಾಲ್ಕು ಅಂಗುಲ ಮುಂದಾದರೆ 50. ಮುದುಕರ ಅಂಗೈ ಅಳೆಯುತ್ತಿದ್ದುದು ಈ ಅಂಗುಲಗಳನ್ನು. ಇನ್ನು ಏರಿ. ಕಬ್ಬು ಎತ್ತರಕ್ಕೆ ಪೇರಿಸಿರುವುದರಿಂದ ಗುರುತ್ವಕೇಂದ್ರ ಅಚ್ಚಿಗಿಂತ ಮೂರು ಅಡಿ ಮೇಲಿದೆ ಎಂದಿಟ್ಟುಕೊಳ್ಳಿ. ಹದಿನೆಂಟು ಅಡಿಗೆ ಒಂದಡಿ ಏರುವ ದಾರಿಯಲ್ಲಿ ಅದು ಎರಡು ಅಂಗುಲ ಹಿಂದೆ ಸರಿಯುತ್ತದೆ. ಒಂದಂಗುಲ ಮುಂದಿದ್ದದ್ದು ಒಂದಂಗುಲ ಹಿಂದಾಯಿತು. ನೊಗ ಎತ್ತಿನ ಹೆಗಲು ಬಿಟ್ಟು ಹನ್ನೆರಡೂವರೆ ಕಿಲೋ ಬಲದಿಂದ ಮೇಲೇಳಲು ನೋಡುತ್ತದೆ, ಕೊರಳಕಣ್ಣಿ ಬಿಗಿಯುತ್ತದೆ. 60 ಕಿಲೋ ತೂಗುವ ಹುಡುಗ ಮೂಕಿಯ ನಡುಮಧ್ಯೆ ಕೂತರೆ ನೊಗಕ್ಕೆ ಸಿಗುವುದು 30. ಸಾಕು, ಗಾಡಿ ಹತ್ತಿತು. ಇಳಿಜಾರಿನಲ್ಲಿ ಅದೇ ಎರಡಂಗುಲ ಮುಂದಕ್ಕೆ ಸೇರಿ ಮೂವತ್ತೇಳೂವರೆ ಕಿಲೋ ಆಗುತ್ತದೆ, ಆಗ ಹುಡುಗ ಇಳಿಯಲೇಬೇಕು. ಹೊರೆ "ನೋಡುತ್ತದೆ" ಎಂಬ ಕ್ರಿಯಾಪದಕ್ಕೆ ಸಮನಾದದ್ದು ನನಗೆ ಯಾವ ಪಠ್ಯಪುಸ್ತಕದಲ್ಲೂ ಸಿಕ್ಕಿಲ್ಲ.

ಗಾಡಿ ನಿಂತಿರುವುದರ ವಿಜ್ಞಾನ ಇಷ್ಟು. ಓಡುವುದರದ್ದು ಗೆಲಿಲಿಯೋನ ಪುಸ್ತಕದ ಮೂರನೆಯ ದಿನದ ಮಾತುಕತೆಯಲ್ಲಿದೆ. ಆ ಪುಟಗಳನ್ನು ಎಷ್ಟು ಸಲ ಓದಿದ್ದೇನೋ. ಹನ್ನೆರಡು ಮೊಳದ ಮರದ ತೊಲೆ, ಅದರ ಅಂಚಿನಲ್ಲಿ ಬೆರಳಗಲಕ್ಕಿಂತ ಸ್ವಲ್ಪ ಹೆಚ್ಚಿನ ನೇರ ಕಾಲುವೆ, ನುಣುಪಿಗೆ ಒಳಗೆ ಅಂಟಿಸಿದ ಚರ್ಮಪತ್ರ, ಒಂದು ಕಂಚಿನ ಗುಂಡು. ತೊಲೆಯ ಒಂದು ತುದಿಯನ್ನು ಒಂದೆರಡು ಮೊಳ ಎತ್ತರಿಸಿ ಗುಂಡು ಬಿಡುವುದು. ಗಡಿಯಾರ ಎಲ್ಲಿತ್ತು? ದೊಡ್ಡ ಪಾತ್ರೆಯ ತಳದಲ್ಲೊಂದು ಸಣ್ಣ ಕೊಳವೆ. ಗುಂಡು ಉರುಳುವಷ್ಟು ಹೊತ್ತು ಸುರಿದ ನೀರನ್ನು ಲೋಟದಲ್ಲಿ ಹಿಡಿದು ತೂಗುವುದು. ನೀರಿನ ತೂಕವೇ ಕಾಲ! ನೂರು ಸಲ ಮಾಡಿ ನೋಡಿದೆವು, ವ್ಯತ್ಯಾಸ ಬರಲಿಲ್ಲ ಎನ್ನುತ್ತಾನೆ. ಎರಡರಷ್ಟು ಹೊತ್ತಿಗೆ ನಾಲ್ಕರಷ್ಟು ದೂರ, ಮೂರರಷ್ಟು ಹೊತ್ತಿಗೆ ಒಂಬತ್ತರಷ್ಟು.

ನಾನು ಬಿ.ಕಾಂ. ಓದಿ ಬ್ಯಾಂಕಿನ ಕೌಂಟರಿನಲ್ಲಿ ಕೂತಿದ್ದವನು. ನನ್ನ ಮೊದಲ ಪ್ರಯೋಗಕ್ಕೆ ಕಂಚಿಲ್ಲ, ಚರ್ಮಪತ್ರವಿಲ್ಲ. ಹತ್ತಡಿಯ ಅಲ್ಯೂಮಿನಿಯಂ ಎಲ್-ಆಂಗಲ್ ತಂದು, ಮೂಲೆ ಕೆಳಗಾಗುವಂತೆ ಮಲಗಿಸಿ, ಒಂದು ತುದಿ ಅರ್ಧ ಅಡಿ ಎತ್ತರಿಸಿ, ಹಳೇ ಬೇರಿಂಗಿನ ಗುಂಡು ಬಿಟ್ಟೆ. ನಾಲ್ಕೂ ಮುಕ್ಕಾಲು ಸೆಕೆಂಡು ಹಿಡಿಯಿತು. ಲೆಕ್ಕ ಹಾಕಿದರೆ ಭೂಮಿಯ ಗುರುತ್ವದ ವೇಗೋತ್ಕರ್ಷ 9.8 ಬರುವ ಕಡೆ 5.4 ಬಂತು. ಘರ್ಷಣೆ ಎಂದುಕೊಂಡು ಕೊಬ್ಬರಿ ಎಣ್ಣೆ ಸವರಿದೆ. 5.4. ಉಜ್ಜಿ ತೊಳೆದೆ. ಮತ್ತೆ 5.4. ಮಂಡ್ಯದ ಗುರುತ್ವವೇ ಕಮ್ಮಿ ಇರಬೇಕು ಎಂದು ಹೆಂಡತಿ ನಕ್ಕಳು.

ಉತ್ತರ ಸಿಗಲು ಎರಡು ವರ್ಷ ಬೇಕಾಯಿತು. ಗುಂಡು ಬರೀ ಜಾರುವುದಿಲ್ಲ, ತಿರುಗುತ್ತದೆ. ಬಿದ್ದು ಗಳಿಸಿದ್ದರಲ್ಲಿ ಒಂದು ಪಾಲನ್ನು ತಿರುಗುವಿಕೆಗೆ ಕಟ್ಟಬೇಕು, ಮೂಲದಲ್ಲೇ ತೆರಿಗೆ ಕಡಿತ. ಅಗಲವಾದ ಪೈಪಿನ ತಳದಲ್ಲಿ ಉರುಳಿದರೆ ಕಡಿತ ಏಳರಲ್ಲಿ ಎರಡು ಪಾಲು. ಎಲ್-ಆಂಗಲಿನಲ್ಲಿ ಗುಂಡು ತಳಕ್ಕೆ ತಾಗದೆ ಎರಡು ಪಕ್ಕೆಗಳ ಮೇಲೆ ನಿಲ್ಲುತ್ತದೆ. ಒಂದೊಂದು ಅಂಗುಲ ಮುಂದೆ ಹೋಗಲು ಹೆಚ್ಚು ಸುತ್ತು ಹೊಡೆಯಬೇಕು. ಅಲ್ಲಿ ಕಡಿತ ಒಂಬತ್ತರಲ್ಲಿ ನಾಲ್ಕು. 9.8ರ ಒಂಬತ್ತನೇ ಐದು ಪಾಲು ಎಷ್ಟು? 5.4. ನನ್ನ ಗುಂಡು ಸರಿಯಾಗಿಯೇ ಹೇಳುತ್ತಿತ್ತು, ಎಣ್ಣೆ ದಂಡ. ಗೆಲಿಲಿಯೋಗೂ ಈ ತೆರಿಗೆಯ ಲೆಕ್ಕ ಗೊತ್ತಿರಲಿಲ್ಲ. ಆದರೆ ಕಡಿತ ಕೊನೆಯವರೆಗೂ ಒಂದೇ ದರದಲ್ಲಿರುವುದರಿಂದ ಅವನ ಒಂದು, ನಾಲ್ಕು, ಒಂಬತ್ತು ಕೆಡಲಿಲ್ಲ. ಮಳವಳ್ಳಿಯವರು ಕೇಳಿದ ಪ್ರಶ್ನೆಯ ಬಾಗಿಲೂ ಇದೇ: ಬೀಳುವುದರಿಂದ ತಿರುಗುವುದಕ್ಕೆ ಎಷ್ಟು ಸಂದಾಯ?

ಇಲ್ಲೊಂದು ಹಳೇ ಬಾಕಿ ತೀರಿಸಬೇಕು. 1953ರಲ್ಲಿ ಅಲೆಕ್ಸಾಂದ್ರ್ ಕ್ವಾರೆ ಎಂಬ ದೊಡ್ಡ ಇತಿಹಾಸಕಾರ, ಮರದ ತೊಲೆ, ನೀರಿನ ಪಾತ್ರೆ ಇಟ್ಟುಕೊಂಡು ಇಂಥ ನಿಖರತೆ ಬರುವುದುಂಟೇ ಎಂದು ಈ ಪ್ರಯೋಗವನ್ನು ಗೇಲಿ ಮಾಡಿದ. ಗೆಲಿಲಿಯೋ ತಲೆಯೊಳಗೇ ಎಲ್ಲ ಮಾಡಿ ಮುಗಿಸಿದ್ದ ಎನ್ನುವ ಧಾಟಿ. ಕುರ್ಚಿ ಬಿಟ್ಟೇಳದ ಪಂಡಿತರಿಗೆ ಇದು ಬಹಳ ಹಿಡಿಸಿತು. 1961ರಲ್ಲಿ ಥಾಮಸ್ ಸೆಟ್ಲ್ ಎಂಬ ವಿದ್ಯಾರ್ಥಿ ತೊಲೆ, ಗುಂಡು, ನೀರು ಹೊಂದಿಸಿಕೊಂಡು ಮಾಡಿಯೇ ನೋಡಿದ. ಗೆಲಿಲಿಯೋ ಹೇಳಿದಂತೆಯೇ ಬಂತು. ಆಮೇಲೆ 1970ರ ದಶಕದಲ್ಲಿ ಸ್ಟಿಲ್‌ಮನ್ ಡ್ರೇಕ್ ಇನ್ನೂ ಸೊಗಸಾದ ಊಹೆ ಮುಂದಿಟ್ಟ. ಗೆಲಿಲಿಯೋನ ಅಪ್ಪ ವಿಂಚೆಂಜೊ ಲ್ಯೂಟ್ ವಾದಕ, ಮಗನೂ ನುಡಿಸುತ್ತಿದ್ದ. ವಾದ್ಯದ ಮೆಟ್ಟಿಲುಗಳಂತೆ ತೊಲೆಗೆ ಅಡ್ಡಲಾಗಿ ತಂತಿ ಕಟ್ಟಿ, ಗುಂಡು ಹಾಯುವ ಸದ್ದು ಸಮತಾಳಕ್ಕೆ ಬೀಳುವವರೆಗೆ ಅವನ್ನು ಸರಿಸಿ, ಆಮೇಲೆ ದೂರ ಅಳೆದಿರಬೇಕು ಎಂದು. ಸೆಕೆಂಡಿನ ಸಣ್ಣ ಪಾಲೂ ತಾಳ ಬಲ್ಲ ಕಿವಿಗೆ ತಪ್ಪುವುದಿಲ್ಲ.

ಮಳವಳ್ಳಿಗೆ ನಾನು ಹೇಳಿದ್ದು ಇದನ್ನೇ. ಸೀಳಿದ ಹತ್ತಡಿ ಪೈಪು, ಒಂದು ತುದಿ ಅರ್ಧ ಅಡಿ ಮೇಲೆ. ವೈಂಡಿಂಗಿನ ಸಣ್ಣ ತಾಮ್ರದ ತಂತಿಯನ್ನು ಒಳಮೈಗೆ ಹೊಂದುವಂತೆ ಬಗ್ಗಿಸಿ ಏಳೂವರೆ, 30, ಅರವತ್ತೇಳೂವರೆ ಅಂಗುಲಗಳಲ್ಲಿ ಅಂಟಿಸುವುದು. 120ಕ್ಕೆ ಪೈಪು ಮುಗಿಯುತ್ತದೆ, ಅಲ್ಲೊಂದು ಸ್ಟೀಲ್ ತಟ್ಟೆ. ತಂತಿಗಳ ನಡುವಿನ ದೂರ ಒಂದು, ಮೂರು, ಐದು, ಏಳರಂತೆ ಬೆಳೆಯುತ್ತದೆ. ಸದ್ದು ಮಾತ್ರ ಟಿಕ್, ಟಿಕ್, ಟಿಕ್, ಠಣ್ ಎಂದು ಸುಮಾರು ಸೆಕೆಂಡಿಗೊಂದರಂತೆ ಒಂದೇ ತಾಳದಲ್ಲಿ ಬರಬೇಕು. ಕಣ್ಣಿಗೆ ಹಿಗ್ಗುತ್ತಾ ಹೋಗುವುದು ಕಿವಿಗೆ ಸಮನಾಗಿ ಕೇಳುವ ಆ ಗಳಿಗೆಗಾಗಿ ಬೇಕಾದರೆ ಒಂದು ತಿಂಗಳು ಕಾಯಿರಿ, ಸೂತ್ರ ಎಲ್ಲಿಗೂ ಓಡಿಹೋಗುವುದಿಲ್ಲ ಎಂದಿದ್ದೆ.

ಮಂಗಳವಾರದ ಫೋನು ದೂರಿನದು. "ಮೂರು ಟಿಕ್ಕೂ ಸರಿಯಾಗಿ ಬತ್ತವೆ ಸಾ. ಠಣ್ ಅನ್ನೋದು ಮಾತ್ರ ತಡ ಆಯ್ತದೆ. ಇಪ್ಪತ್ತು ಸಲ ಬುಟ್ಟೆ. ಅಂಗಡಿ ಹುಡುಗ ಚಪ್ಪಾಳೆ ಹಾಕ್ದ, ಅವ್ನಿಗೂ ಅಂಗೇ ಕೇಳ್ತು."

ಪೈಪನ್ನು ಯಾತರ ಮೇಲೆ ಇಟ್ಟಿದ್ದೀರಿ ಅಂದೆ.

"ಎರಡು ತುದಿಗೂ ಸ್ಟೂಲು."

ಪಕ್ಕಕ್ಕೆ ಹೋಗಿ, ಒಂದು ಕಣ್ಣು ಮುಚ್ಚಿ, ಪೈಪಿನುದ್ದಕ್ಕೂ ನೋಡಿ ಎಂದೆ. ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ನಗು. ಸೀಳಿದ ಪೈಪು ನಡುವೆ ಜೋಲು ಬಿದ್ದಿತ್ತು. ಮೊದಲರ್ಧ ಬೇಕಾದ್ದಕ್ಕಿಂತ ಕಡಿದು, ಕೊನೆಯರ್ಧ ಚಪ್ಪಟೆ. ಗುಂಡು ಅಲ್ಲಿ ವೇಗ ಕೂಡಿಸಿಕೊಳ್ಳಲಾಗದೆ ತಡವಾಗಿ ತಟ್ಟೆ ಸೇರುತ್ತಿತ್ತು. ನಡುವೆ ಒಂದು ಇಟ್ಟಿಗೆ ಕೊಡಿ ಅಂದೆ. ಒಂಬತ್ತೂವರೆಗೆ ಮತ್ತೆ ಫೋನು. "ಒಂದು ಸಾಲ್ದು ಸಾ. ನಡುವೆ ಎತ್ತುದ್ರೆ ಆಚೀಚೆ ಜೋಲ್ತದೆ. ಮೂರು ಕಡೆ ಕೊಟ್ಟಿವ್ನಿ. ಇರಿ, ಸ್ಪೀಕರ್‌ಗೆ ಹಾಕ್ತೀನಿ, ಕೇಳುಸ್ಕೊಳಿ."

ಕೇಳಿಸಿಕೊಂಡೆ. ಪುಸ್ತಕದ ಪಟ್ಟಿ ಮುಂದಿನ ವಾರ.