ಮೂರು ತಾಸಿನ ಗೋವಾ

ಬೆಳಗಾವಿಯಿಂದ ಚೋರ್ಲಾ ಘಾಟಿನ ಮೇಲೆ ಪಣಜಿಗೆ ಮೂರು ತಾಸು. ಪ್ರವಾಸ ಪುರವಣಿಗಳು ಇದನ್ನು ಬರೆಯುತ್ತವೆ, ರೀಲ್ಸ್ ಮಾಡುವವರು ಕಾರಿನಲ್ಲಿ ಕೂತು ಇದನ್ನೇ ಹೇಳುತ್ತಾರೆ. ಪಾರಿಶ್ವಾಡ ಹಳ್ಳಿಯವರು ಖಾನಾಪುರ, ಜಾಂಬೋಟಿ ಹಾದು ಅದೇ ರಸ್ತೆ ಸೇರುವುದರಿಂದ ಅವರೂ ಅದನ್ನೇ ನಂಬಿ ಬುತ್ತಿ ಕಟ್ಟುತ್ತಾರೆ. ಕನ್ನಡದಲ್ಲಿ ಇವತ್ತು ಅತಿ ಹೆಚ್ಚು ಓದಿಸಿಕೊಳ್ಳುವ ಪ್ರವಾಸ ಸಾಹಿತ್ಯ ಫೋನಿನ ನಕ್ಷೆ ತೋರಿಸುವ ಈ ಒಂದು ಸಾಲೇ ಇರಬೇಕು. ಇಷ್ಟು ಓದುಗರಿರುವ ಬರಹಕ್ಕೆ ವಿಮರ್ಶೆ ಮಾತ್ರ ಇಲ್ಲ.

ಅದರ ಕೀರ್ತಿಗೆ ಆಧಾರವಿಲ್ಲ ಎನ್ನುತ್ತಿಲ್ಲ. ನೂರಕ್ಕೆ 97ಕ್ಕೂ ಹೆಚ್ಚು ಪ್ರಯಾಣಗಳಲ್ಲಿ ತನ್ನ ನಕ್ಷೆಯ ಸಮಯದ ಅಂದಾಜು ಸರಿಯಿರುತ್ತದೆ ಎಂದು ಗೂಗಲ್ 2020ರಲ್ಲಿ ಹೇಳಿಕೊಂಡಿತು. ಕೃತಕ ಬುದ್ಧಿಮತ್ತೆಯ ಸಂಸ್ಥೆ ಡೀಪ್‌ಮೈಂಡ್ ಜೊತೆ ಸೇರಿ ಅದನ್ನು ಇನ್ನಷ್ಟು ತಿದ್ದಿದ್ದಕ್ಕೆ ಕೊಟ್ಟ ಉದಾಹರಣೆಗಳು ಬರ್ಲಿನ್, ಜಕಾರ್ತಾ, ಟೋಕಿಯೊದಂಥ ಮಹಾನಗರಗಳು. ಲಕ್ಷಾಂತರ ಫೋನು ಓಡಾಡುವ ಊರುಗಳವು. ಚೋರ್ಲಾ ದಾರಿಯ ಕಣಕುಂಬಿಯ ತಿರುವಿನಲ್ಲಿ ಸಿಗ್ನಲ್ಲೇ ನೆಟ್ಟಗಿರುವುದಿಲ್ಲ.

ಇನ್ನು ಆ ಮೂರು ತಾಸಿನೊಳಗೆ ಏನಿದೆ ಎಂದು ನೋಡೋಣ. ದಾರಿಯನ್ನು ತುಂಡುಗಳಾಗಿ ಒಡೆದು, ಪ್ರತಿ ತುಂಡಿನಲ್ಲಿ ಈಗ ವಾಹನಗಳು ಎಷ್ಟು ವೇಗದಲ್ಲಿವೆ, ಹಿಂದೆ ಎಷ್ಟಿದ್ದವು ಎಂದು ಅಂದಾಜು ಮಾಡಿ ಕೂಡಿಸಿದ ಮೊತ್ತ ಅದು. ಜಾಂಬೋಟಿಯಲ್ಲಿ ಚಹಾ ಇಲ್ಲ, ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುವ ಜಾಗ ನೋಡಲು ಇಳಿಯುವುದಿಲ್ಲ, ಮಗು ವಾಂತಿ ಮಾಡಿಕೊಳ್ಳುವುದಿಲ್ಲ. ಇದು ಸಣ್ಣ ತಕರಾರು. ದೊಡ್ಡದು ಬೇರೆ ಇದೆ. ಶುಕ್ರವಾರ ರಾತ್ರಿ ಹತ್ತಕ್ಕೆ ಮನೆಯಲ್ಲಿ ಕೂತು ಕೇಳಿದರೆ ಅದು ಹೇಳುವುದು ಆಗಲೇ, ಆ ಖಾಲಿ ರಸ್ತೆಯಲ್ಲಿ ಹೊರಟರೆ ಹಿಡಿಯುವ ಸಮಯವನ್ನು. ಹೊರಡುವುದು ಶನಿವಾರ ಬೆಳಗ್ಗೆ ಎಂಟಕ್ಕೆ, ಹುಬ್ಬಳ್ಳಿ-ಧಾರವಾಡದ ಕಾರುಗಳೂ ಕಡಲ ಕಡೆ ಮುಖ ಮಾಡಿದಾಗ.

ಹೊರಡುವ ದಿನ, ವೇಳೆ ಕೊಟ್ಟು ಕೇಳಿದರೆ ಅದೇ ಫೋನು ಒಂದರ ಬದಲು ಎರಡು ಸಂಖ್ಯೆ ಕೊಡುತ್ತದೆ: ಇಷ್ಟರಿಂದ ಇಷ್ಟರವರೆಗೆ. ಈ ಎರಡನೆಯ ಸಂಖ್ಯೆಯ ಮೇಲೇ ನನ್ನ ವಾದ ನಿಂತಿದೆ. ನಕ್ಷೆ ಪ್ರಾಮಾಣಿಕವಾಗಿ ಮಾತಾಡುವುದು ಇಲ್ಲಿ. ನಮ್ಮ ಪ್ರವಾಸ ಲೇಖಕರು ಅಳಿಸಿಹಾಕುವುದೂ ಇದನ್ನೇ. ಚಿಕ್ಕದನ್ನು ಎತ್ತಿ ತಲೆಬರಹಕ್ಕೆ ಹಾಕುತ್ತಾರೆ, ದೊಡ್ಡದು ಅಚ್ಚಿಗೇ ಬರುವುದಿಲ್ಲ. ಯೋಜನೆ ಹಾಕುವವನಿಗೆ ಬೇಕಾದದ್ದು ಮಾತ್ರ ಆ ದೊಡ್ಡದು. ಕತ್ತಲಾಗುವ ಮೊದಲು ಘಾಟು ಇಳಿಯುತ್ತೇವೋ ಇಲ್ಲವೋ ಎಂಬುದಕ್ಕೆ ಬೇರೆ ಉತ್ತರವಿಲ್ಲ.

ಕಬ್ಬು ನುರಿಸುವ ಹಂಗಾಮಿನಲ್ಲಿ ಪಾರಿಶ್ವಾಡದ ರಸ್ತೆಗೆ ಬಂದು ನೋಡಬೇಕು. ಎರಡು ಟ್ರೇಲರ್ ಕಟ್ಟಿಕೊಂಡ ಒಂದು ಟ್ರ್ಯಾಕ್ಟರ್ ಮುಂದಿದ್ದರೆ ಖಾನಾಪುರದವರೆಗೂ ಅದರದ್ದೇ ವೇಗ. ಮಳೆಗಾಲದಲ್ಲಿ ಕಣಕುಂಬಿ ಕಡೆ ಮಂಜು ಕವಿದರೆ ಹಗಲಲ್ಲೂ ದೀಪ ಹಾಕಿ ತೆವಳಬೇಕು. 2025ರ ಜುಲೈಯಲ್ಲಿ ಗೋವಾಕ್ಕೆ ಇಳಿಯುವ ಇನ್ನೊಂದು ದಾರಿಯಾದ ಅನಮೋಡ ಘಾಟಿನ ರಸ್ತೆಯ ಒಂದು ಬದಿ ಕುಸಿಯಿತು. ಒಂದು ಘಾಟು ಹೀಗೆ ಕೈಕೊಟ್ಟರೆ ಇನ್ನೊಂದರ ಲೆಕ್ಕವೂ ಕೆಡುತ್ತದೆ.

ಇದು ನಮ್ಮ ರಸ್ತೆಗಳ ಬಡತನ ಎನ್ನುವವರು ಇಟಲಿಯ ಟಸ್ಕನಿಗೆ ಹೋಗಿ ಬಂದವರನ್ನು ಕೇಳಲಿ. ಅಲ್ಲಿ ಹೆದ್ದಾರಿಯಲ್ಲಿ ಗಂಟೆಗೆ 130 ಕಿ.ಮೀ., ಹಳ್ಳಿಗಾಡಿನಲ್ಲಿ 90, ಊರೊಳಗೆ 50ರ ಮಿತಿ. ಫ್ಲಾರೆನ್ಸಿನಿಂದ ಸಿಯೆನಾಗೆ ದ್ರಾಕ್ಷಿ ತೋಟಗಳ ನಡುವೆ ಹೋಗುವ 222ನೇ ರಸ್ತೆಯ ತಿರುವುಗಳಲ್ಲಿ ಆ 90 ಫಲಕಕ್ಕಷ್ಟೇ ಸೀಮಿತ. ಫ್ಲಾರೆನ್ಸಿನ ಹಳೆಯ ಪೇಟೆಯಲ್ಲಿ ಪರವಾನಗಿ ಇಲ್ಲದ ಕಾರಿಗೆ ಪ್ರವೇಶವಿಲ್ಲ; ಹೊರಗೆ ನಿಲ್ಲಿಸಿ ನಡೆಯುವ ಸಮಯ ಯಾರ ಯೋಜನೆಯಲ್ಲೂ ಇರುವುದಿಲ್ಲ.

ಈಗ ನಕ್ಷೆಯೇ ಬೇಡವೆನ್ನುವ ಎದುರು ಪಾಳಯದವರ ವಿಚಾರ. 2024ರ ಡಿಸೆಂಬರಿನಲ್ಲಿ ಗೋವಾಕ್ಕೆ ಹೊರಟ ಬಿಹಾರದ ಕುಟುಂಬವೊಂದು ನಕ್ಷೆ ತೋರಿದ ಅಡ್ಡದಾರಿ ಹಿಡಿದು ಹೆಮ್ಮಡಗಾ ಹತ್ತಿರದ ಕಾಡು ಹೊಕ್ಕಿತು. ರಾತ್ರಿಯೆಲ್ಲ ಕಾರಿನಲ್ಲಿ ಕಳೆದು, ಸಿಗ್ನಲ್ ಹುಡುಕುತ್ತ ಕಿಲೋಮೀಟರುಗಟ್ಟಲೆ ನಡೆದು, 112ಕ್ಕೆ ಕರೆ ಮಾಡಿದ ಮೇಲೆ ಪೊಲೀಸರು ಬಂದು ದಾರಿ ಸೇರಿಸಿದರು. ಸುದ್ದಿ ಬಂದದ್ದೇ ತಡ, ಯಂತ್ರ ಬಿಡಿ, ಊರವರನ್ನು ಕೇಳಿ ಎಂಬ ಉಪದೇಶ ಶುರುವಾಯಿತು. ದಾರಿ ತಪ್ಪಿದ ಪ್ರಕರಣವನ್ನು ಇವರು ಸಮಯದ ಪ್ರಶ್ನೆಗೂ ಉತ್ತರ ಮಾಡಿಕೊಂಡಿದ್ದಾರೆ. ಊರವರಿಗೆ ದಾರಿ ಗೊತ್ತು, ನಿಜ. ವೇಳೆ ಕೇಳಿದರೆ "ಇಲ್ಲೇ ಐತ್ರಿ, ಹತ್ತು ಮಿನಿಟ್" ಎನ್ನುತ್ತಾರೆ. ಆ ಹತ್ತು ಮಿನಿಟು ಬೈಕಿನದೋ, ನಡಿಗೆಯದೋ, ಹೇಳುವವರ ಹುರುಪಿನದೋ ತಿಳಿಯದು. ಹಳ್ಳಿಗರ ಜ್ಞಾನವನ್ನು ಹೀಗೆ ಹೊಗಳಿ ಬರೆಯುವವರಲ್ಲಿ ಬಹುಪಾಲು ಜನ ಹಳ್ಳಿಗೆ ಬರುವುದು ನಕ್ಷೆ ನೋಡಿಕೊಂಡೇ. ಫೋನಿನ ಅವಸರಕ್ಕೆ ಬದಲಾಗಿ ಇವರು ಕೊಡುವುದು ಅಳತೆಯೇ ಇಲ್ಲದ ವಿಶ್ವಾಸ.

ಎರಡೂ ಪಾಳಯದವರು ಓದದ ಪಠ್ಯವೊಂದಿದೆ: ಖಾನಾಪುರ ಬಸ್ ನಿಲ್ದಾಣದ ವೇಳಾಪಟ್ಟಿ. ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಬಸ್ಸಿಗೆ ಗೊತ್ತುಮಾಡಿದ ಸಮಯದಲ್ಲಿ ನಿಲುಗಡೆಗಳೂ ಲೆಕ್ಕಕ್ಕೆ ಸೇರಿರುತ್ತವೆ, ಹತ್ತುವ ಇಳಿಯುವ ಜನರೂ ಇರುತ್ತಾರೆ. ಬಸ್ಸೂ ತಡವಾಗುತ್ತದೆ, ಕಾರು ಅದಕ್ಕಿಂತ ಬೇಗ ಹೋಗುವುದಿಲ್ಲವೇ ಎಂಬ ಆಕ್ಷೇಪಣೆಯೂ ಸರಿ. ಮುದುಕರು, ಮಕ್ಕಳು, ಬುತ್ತಿ ತುಂಬಿಕೊಂಡ ಕಾರು ಮಾತ್ರ ಘಾಟಿನ ಮೇಲೆ ಬಸ್ಸಿಗಿಂತ ಬಹಳ ಮುಂದೆ ಹೋದದ್ದನ್ನು ನಾನು ಕಂಡಿಲ್ಲ.

ರಸ್ತೆಯ ಮೇಲಿರುವಾಗ ನಕ್ಷೆಯನ್ನು ನಂಬಬಹುದು. ಮನೆಯಲ್ಲಿ ಕೂತು ಹಾಕುವ ಯೋಜನೆಗೆ ಅದರ ಮೊದಲ ಸಂಖ್ಯೆ ಕೆಲಸಕ್ಕೆ ಬಾರದ್ದು. ಪುರವಣಿಗಳ ಸಂಪಾದಕರು ಮುಂದಿನ ಗೋವಾ ಲೇಖನದಲ್ಲಿ ಎರಡನೆಯದನ್ನೂ ಅಚ್ಚು ಹಾಕಲಿ, ಯಾವ ತಿಂಗಳ ಯಾವ ವಾರ, ಎಷ್ಟು ಹೊತ್ತಿಗೆ ಹೊರಟ ಲೆಕ್ಕ ಎಂಬುದನ್ನೂ ಸೇರಿಸಿ.