ಕಿವಿಗೆ ಬಿದ್ದ ಕಾದಂಬರಿಗಳು

ಕಣ್ಣಿನ ಶಸ್ತ್ರಚಿಕಿತ್ಸೆಯ ನಂತರ ಕೆಲವು ವಾರ ಓದುವಂತಿರಲಿಲ್ಲ. ಹಾಗಾಗಿ ಮೊದಲೇ ಓದಿದ್ದ ನಾಲ್ಕು ಕಾದಂಬರಿಗಳನ್ನು ಈ ಸಲ ಆಡಿಯೋದಲ್ಲಿ ಕೇಳಿದೆ.

ತೇಜಸ್ವಿಯವರ ‘ಕರ್ವಾಲೊ’ (1980) ಕೇಳಲಿಕ್ಕೆಂದೇ ಬರೆದಂತಿದೆ. ಹರಟೆಯ ಧಾಟಿ, ಮಂದಣ್ಣನ ಮಾತು. ಕತ್ತಲ ಕೋಣೆಯಲ್ಲಿ ಒಬ್ಬನೇ ನಕ್ಕೆ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013) ಇನ್ನೂ ಹತ್ತಿರ ಬಂತು. ಯಾವ ನಿಘಂಟಿನಲ್ಲೂ ಇಲ್ಲದ ಆ ಪದ ಅಚ್ಚಿನಲ್ಲಿ ವಿಚಿತ್ರವಾಗಿ ಕಂಡಿತ್ತು, ಕಿವಿಯಲ್ಲಿ ಮನೆಮಾತಾಯಿತು.

ಭೈರಪ್ಪನವರ ‘ಪರ್ವ’ (1979) ನನ್ನನ್ನು ಸೋಲಿಸಿತು. ಪಾತ್ರಗಳ ನೆನಪು ಹಿಂದೆ ಮುಂದೆ ಜಿಗಿಯುವಾಗ ಪುಟ ತಿರುವಿ ನೋಡುವ ಸೌಲಭ್ಯ ಕಿವಿಗಿಲ್ಲ.

ನಿಜವಾದ ತಕರಾರು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಬಗ್ಗೆ. ನಾನು ಕೇಳಿದ ವಾಚನದಲ್ಲಿ ಗುತ್ತಿಯೂ ಅವನ ಒಡೆಯರೂ ಒಂದೇ ಶಿಷ್ಟ ಉಚ್ಚಾರಣೆಯಲ್ಲಿ ಮಾತಾಡಿದರು. ಕಂಠ ಚೆನ್ನಾಗಿತ್ತು. ಆದರೆ ಮಾತಿನ ಏರುತಗ್ಗು ಸಮತಟ್ಟಾದರೆ ಉಳಿಯುವುದು ಕಥೆ, ಲೋಕವಲ್ಲ.

ಅಕ್ಷರ ಬಾರದವರೂ ಗಮಕಿಗಳ ಬಾಯಲ್ಲಿ ಕುಮಾರವ್ಯಾಸನನ್ನು ಕೇಳಿ ಬಲ್ಲ ನಾಡು ನಮ್ಮದು. ಗಟ್ಟಿಯಾಗಿ ಓದುವವರು ಮೊದಲು ಒಳ್ಳೆಯ ಓದುಗರಾಗಿರಬೇಕು.

ಕಣ್ಣು ಈಗ ಸರಿಹೋಗಿದೆ. ಗುತ್ತಿಯ ಮಾತನ್ನು ನಾನೇ ಗಟ್ಟಿಯಾಗಿ ಓದಿಕೊಳ್ಳುತ್ತಿದ್ದೇನೆ, ತಡವರಿಸುತ್ತಾ.