ಆಟದ ಹೊರಗಿನ ಹಾಳೆ

'ಕೆರ್ಬಲ್ ಸ್ಪೇಸ್ ಪ್ರೋಗ್ರಾಂ' ಎಂಬ ಕಂಪ್ಯೂಟರ್ ಆಟದ ಹುಚ್ಚು ಹಿಡಿಸಿದವನು ನನ್ನ ಮಗ. ಮೆಕ್ಸಿಕೋದ ಸ್ಕ್ವಾಡ್ ಕಂಪನಿ 2011ರಲ್ಲಿ ಅರೆಬೆಂದ ರೂಪದಲ್ಲೇ ಹೊರಬಿಟ್ಟು, 2015ರಲ್ಲಿ ಪೂರ್ತಿಗೊಳಿಸಿದ ಆಟ. ಕೆರ್ಬಿನ್ ಎಂಬ ಪುಟ್ಟ ಗ್ರಹದ ಹಸಿರು ಮೋರೆಯ ಜೀವಿಗಳಿಗೆ ರಾಕೆಟ್ಟು ಕಟ್ಟಿಕೊಡಬೇಕು. ನೋಡಲು ಮಕ್ಕಳಾಟ. ಒಳಗಿರುವುದು ಮಾತ್ರ ನ್ಯೂಟನ್ನನ ಲೆಕ್ಕ. ಅದು ಹಸಿರು ಮೋರೆಯವರಿಗೂ ರಿಯಾಯಿತಿ ಕೊಡುವುದಿಲ್ಲ.

ನನ್ನ ಮೊದಲ ರಾಕೆಟ್ಟು ಅಲ್ಲಿನ ಚಂದ್ರನಾದ ಮುನ್ ಮೇಲೆ ಇಳಿದು, ಇಂಧನ ಮುಗಿದು, ಅಲ್ಲೇ ಉಳಿಯಿತು. ಎರಡನೇ ಸಲ ಟ್ಯಾಂಕುಗಳನ್ನು ಹೆಚ್ಚಿಸಿದೆ. ಭಾರಕ್ಕೆ ನೆಲವನ್ನೇ ಬಿಡಲಿಲ್ಲ. ಆಗ ಮಗ ಒಂದು ಹಾಳೆ ತಂದಿಟ್ಟ. ಆಟಗಾರರೇ ಸೇರಿ ತಯಾರಿಸಿದ 'ಡೆಲ್ಟಾ-ವಿ' ನಕ್ಷೆ. ರೈಲುಮಾರ್ಗದ ನಕ್ಷೆಯಂತಿದೆ, ನಿಲ್ದಾಣಗಳ ನಡುವೆ ಕಿಲೋಮೀಟರಿನ ಬದಲು, ವೇಗವನ್ನು ಎಷ್ಟು ಬದಲಿಸಬೇಕೆಂಬ ಅಂಕಿ. ನೆಲದಿಂದ ಕಕ್ಷೆಗೆ ಸೆಕೆಂಡಿಗೆ ಸುಮಾರು 3,400 ಮೀಟರ್, ಅಲ್ಲಿಂದ ಮುನ್ ಕಡೆಗೆ 860, ಅದರ ಕಕ್ಷೆ ಹಿಡಿಯಲು 310, ಇಳಿಯಲು 580. ಮರಳುವಾಗ ಕೊನೆಯ ಎರಡನ್ನು ಮತ್ತೆ ತೆರಬೇಕು. ಮನೆ ಹತ್ತಿರವಾದ ಮೇಲೆ ಗಾಳಿಯೇ ಬ್ರೇಕು. ಒಟ್ಟು 6,040. ನಾನು ಹೋಗುವ ಟಿಕೆಟ್ಟಿಗಷ್ಟೇ ದುಡ್ಡು ಹಿಡಿದು ಹೊರಟಿದ್ದೆ.

"ಇದು ಕಾಪಿ ಹೊಡೆದ ಹಾಗಲ್ಲವೇ ಅಂಕಲ್?" ಎಂದ ಮಗನ ಗೆಳೆಯ. ತಳ್ಳಿಹಾಕುವ ಪ್ರಶ್ನೆಯಲ್ಲ. ಕೃತಿ ತನ್ನೊಳಗೇ ಪೂರ್ಣವಾಗಿರಬೇಕು ಎಂದು ಕಥೆ ಬರೆಯುವ ನಾವೂ ವಾದಿಸುತ್ತೇವಲ್ಲ. ಆದರೆ ಉರ್ದು ತರಗತಿಯಲ್ಲಿ ಗಾಲಿಬ್‌ನನ್ನು ಓದುವಾಗ ನಮ್ಮ ಬೆಂಚಿನ ಮೇಲೆ ಪದಕೋಶ ಇದ್ದೇ ಇರುತ್ತಿತ್ತು. ಪದದ ಅರ್ಥ ಸಿಕ್ಕಿತೆಂದರೆ ಶೇರ್ ದಕ್ಕಿತೆಂದು ಯಾರೂ ಭ್ರಮಿಸುತ್ತಿರಲಿಲ್ಲ. ನಕ್ಷೆಯೂ ಹಾಗೆಯೇ. 580 ಎಂದು ಹೇಳುತ್ತದೆ. ಎಂಜಿನ್ನನ್ನು ಯಾವ ಗಳಿಗೆಯಲ್ಲಿ ಹೊತ್ತಿಸಬೇಕೆಂದು ಹೇಳುವುದಿಲ್ಲ. ತಡವಾದರೆ ನೆಲಕ್ಕೆ ಅಪ್ಪಳಿಸುತ್ತೀರಿ, ಅವಸರಪಟ್ಟರೆ 580 ಸಾಲುವುದಿಲ್ಲ. ಆ ಗಳಿಗೆಯಲ್ಲಿ ಬೆವರುವ ಕೈ ನಿಮ್ಮದೇ.

ಮೆಕ್‌ಜೆಬ್ ಎಂಬ ಇನ್ನೊಂದು ಸಲಕರಣೆ ಬೇರೆ ಜಾತಿಯದು. ರಾಕೆಟ್ಟನ್ನು ಅದೇ ನಡೆಸಿ ಅದೇ ಇಳಿಸುತ್ತದೆ. ಇದು ಪದಕೋಶವಲ್ಲ, ಪರೀಕ್ಷೆಯ ಗೈಡು. ನೂರನೇ ಸಲ ಅದೇ ಕಕ್ಷೆಗೆ ಸರಕು ಸಾಗಿಸುವವನು ಬಳಸಲಿ. ಮೊದಲ ಸಲ ಇಳಿಯುವವನು ಬಳಸಿದರೆ ಇಳಿದವನು ಅವನಲ್ಲ.

ನನ್ನ ತಕರಾರು ಇರುವುದು ಆಟದ ಮೇಲೆಯೇ. ಇಂಧನ ತುಂಬಿದ ರಾಕೆಟ್ಟಿನ ಭಾರ, ಬರಿದಾದಾಗಿನ ಭಾರ, ಎಂಜಿನ್ನಿನ ದಕ್ಷತೆ, ಇಷ್ಟು ಗೊತ್ತಿದ್ದರೆ ಡೆಲ್ಟಾ-ವಿ ಸಿಗುತ್ತದೆ. ರಷ್ಯಾದ ತ್ಸಿಯೊಲ್ಕೋವ್‌ಸ್ಕಿ 1903ರಲ್ಲೇ ಸೂತ್ರ ಪ್ರಕಟಿಸಿದ್ದ. ಆದರೂ ಆಟ ಆ ಅಂಕಿಯನ್ನು ತಾನಾಗಿ ತೋರಿಸಿದ್ದು 2018ರ ಡಿಸೆಂಬರಿನ 1.6ನೇ ಆವೃತ್ತಿಯಲ್ಲಿ. ನಾನು ಆಡಿದ್ದು ಅದಕ್ಕೂ ಹಿಂದಿನದನ್ನು. ಪಕ್ಕದಲ್ಲಿ ಕ್ಯಾಲ್ಕುಲೇಟರ್ ಇಟ್ಟುಕೊಂಡು. ಸೋಲಿಸುವುದು ಆಟದ ಹಕ್ಕು, ಒಪ್ಪೋಣ. ಯಾಕೆ ಸೋತೆ ಎಂಬುದನ್ನೂ ಬಚ್ಚಿಟ್ಟರೆ ಅದನ್ನು ಸವಾಲು ಎನ್ನಲು ನನಗೆ ಮನಸ್ಸಾಗದು.

ಹುಡುಗನಿಗೆ ಜೆಮಿನಿ 12ರ ಸಂಗತಿ ಹೇಳಿದೆ. 1966ರ ನವೆಂಬರಿನಲ್ಲಿ ಆ ನೌಕೆಯ ರಾಡಾರ್ ಕೈಕೊಟ್ಟಾಗ ಆಲ್ಡ್ರಿನ್ ಸೆಕ್ಸ್‌ಟಂಟ್ ಹಿಡಿದು, ಜೊತೆಗೊಯ್ದಿದ್ದ ಲೆಕ್ಕದ ಹಾಳೆಗಳನ್ನು ನೋಡಿಯೇ ಅಜೀನಾ ನೌಕೆಯ ಬಳಿ ಸೇರಲು ದಾರಿ ಕಂಡುಕೊಂಡ. "ಅವರದ್ದು ನಿಜವಾದ ಆಕಾಶ ಅಂಕಲ್" ಎಂದ. ಅದೂ ಸರಿಯೇ.

ಮಗ ಕೊಟ್ಟ ಹಾಳೆ ಈಗಲೂ ಮೇಜಿನ ಮೇಲಿದೆ, ಚಹದ ಕಲೆಯೊಂದಿಗೆ. 580ರ ಪಕ್ಕದಲ್ಲಿ ಪೆನ್ಸಿಲಿನಲ್ಲಿ "ನನಗೆ 760" ಎಂದು ಬರೆದುಕೊಂಡಿದ್ದೇನೆ.